ದೋಣಿಯೊಳಗಿನ ನೀರಿಗೆ ದಾರಿ



ದೋಣಿ ನೀರಿನ ಮೇಲಿರಬೇಕು, ನೀರು ದೋಣಿಯೊಳಗೆ ಇರಬಾರದು ಎಂಬ ಮಾತನ್ನು ಹಿರಿಯರು ಸಂಸಾರವನ್ನು ಕುರಿತು ಹೇಳುವುದುಂಟು. 2023ರ ಬೇಸಿಗೆಯಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಆ ಮಾತನ್ನು ಅಕ್ಷರಶಃ ಪರೀಕ್ಷಿಸುವ ಅವಕಾಶ ನನಗೆ ಒದಗಿತು.

ಸಾವಿರಾರು ಸರೋವರಗಳ ಆ ನಾಡಿನಲ್ಲಿ ಅಲ್ಯುಮಿನಿಯಂ ದೋಣಿ ಬಹು ಸಾಮಾನ್ಯ ವಸ್ತು. ಎರಡನೆಯ ಮಹಾಯುದ್ಧ ಮುಗಿದಾಗ, ವಿಮಾನ ತಯಾರಿಸುತ್ತಿದ್ದ ಗ್ರಮ್ಮನ್ ಸಂಸ್ಥೆಯು ತಗಡಿಗೆ ರಿವೆಟ್ ಬಡಿದು ಜೋಡಿಸುವ ತನ್ನ ವಿದ್ಯೆಯನ್ನು ದೋಣಿಗಳಿಗೂ ಬಳಸಿತು. ಮಗ ಕೊಂಡು ತಂದಿದ್ದುದು ಆ ಬಗೆಯಲ್ಲೇ ಜೋಡಿಸಿದ ಹದಿನಾಲ್ಕು ಅಡಿಯ ಹಳೆಯ ದೋಣಿ. ಎಂಟು ವರ್ಷದ ಮೊಮ್ಮಗನನ್ನು ಅದರಲ್ಲಿ ಕೂರಿಸಿಕೊಂಡು ಸರೋವರಕ್ಕೆ ಇಳಿಯಬೇಕೆಂಬುದು ಅವನ ಆಸೆ. ಆದರೆ ಮಳೆ ನಿಂತು ಮೂರು ದಿನಗಳಾದರೂ ಹಿಂಬದಿಯ ಡ್ರೇನ್ ಪ್ಲಗ್ಗಿನ ರಂಧ್ರದಿಂದ ನೀರು ಒಸರುತ್ತಲೇ ಇತ್ತು.

"ತಳವನ್ನೆಲ್ಲ ಸೀಲಂಟ್ ಬಳಿದು ಮುಚ್ಚಿಬಿಡೋಣ ಅಪ್ಪಾ" ಎಂದ. "ನೀರು ಎಲ್ಲಿ ನಿಂತಿದೆ ಅಂತ ಮೊದಲು ನೋಡೋಣ ಕಣೋ" ಎಂದೆ.

ಪ್ಲೈವುಡ್ಡಿನ ನೆಲಹಲಗೆ ಎಬ್ಬಿಸಿದಾಗ ಕಾರಣ ತಿಳಿಯಿತು. ದೋಣಿಯೊಳಗೆ ನೀರು ನುಗ್ಗಿದರೂ ಅದು ಮುಳುಗದಿರಲೆಂದು ತಳದಲ್ಲಿ ಫೋಮ್ ತುಂಬಿರುತ್ತಾರೆ. ಒಂದು ಘನ ಅಡಿ ಒಣ ಫೋಮಿನ ತೂಕ ಸುಮಾರು 1 ಕಿಲೋ. ಅಷ್ಟೇ ಗಾತ್ರದ ನೀರಿನ ತೂಕ 28 ಕಿಲೋ. ವರ್ಷಾನುಗಟ್ಟಲೆ ನೀರಿನಲ್ಲಿ ನೆನೆದ ಆ ಫೋಮ್ ಕಲ್ಲಿನಂತೆ ಭಾರವಾಗಿತ್ತು. ಆರ್ಕಿಮಿಡೀಸನ ತತ್ತ್ವವನ್ನು ಓದಿದ ನಿಮಗೆ ಇದರ ಅಪಾಯವನ್ನು ವಿವರಿಸಬೇಕಿಲ್ಲ. ಮಗುವನ್ನು ಕಾಪಾಡಬೇಕಾದ ವಸ್ತುವೇ ದೋಣಿಯನ್ನು ಕೆಳಗೆಳೆಯಲು ಸಿದ್ಧವಾಗಿ ಕುಳಿತಿತ್ತು.

ತಳದ ಅಡ್ಡಪಟ್ಟಿಗಳಲ್ಲಿ ನೀರು ಹಿಂದಕ್ಕೆ ಹರಿಯಲೆಂದು ಸಣ್ಣ ಕಿಂಡಿಗಳಿರುತ್ತವೆ. ಅವುಗಳಲ್ಲಿ ಕೊಳೆತ ಎಲೆ, ಕೆಸರು, ಫೋಮಿನ ಚೂರು ಕಟ್ಟಿಕೊಂಡು ಪ್ರತಿಯೊಂದು ಅಂಕಣವೂ ಪುಟ್ಟ ಕೆರೆಯಾಗಿತ್ತು. ಚಳಿಗಾಲದಲ್ಲಿ ಈ ನೀರು ಹೆಪ್ಪುಗಟ್ಟಿ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಹಾಗೆ ಹಿಗ್ಗುವಾಗ ತಗಡಿನ ಬೆಸುಗೆ, ರಿವೆಟ್‌ಗಳನ್ನು ಸಡಿಲಿಸುತ್ತದೆ. ಅಂದರೆ ಒಳಗೆ ನಿಂತ ನೀರೇ ಹೊರಗಿನ ನೀರಿಗೆ ಬಾಗಿಲು ತೆರೆಯುತ್ತದೆ.

ಫೋಮನ್ನೆಲ್ಲ ಕಿತ್ತು, ಕಿಂಡಿಗಳನ್ನು ತಂತಿಯಿಂದ ಬಿಡಿಸಿದೆವು. ಅವುಗಳನ್ನು ಅಗಲಿಸಲಿಲ್ಲ, ಪಟ್ಟಿ ದುರ್ಬಲವಾಗುತ್ತದೆ. ಬಳಿಕ ಟ್ರೈಲರಿನ ಮೇಲೆಯೇ ಪ್ಲಗ್ ಹಾಕಿ, ದೋಣಿಯೊಳಗೆ ಮೂರು ಅಂಗುಲ ನೀರು ನಿಲ್ಲಿಸಿ, ಹೊರಗೆ ಹನಿ ಮೂಡಿದ ಕಡೆಯೆಲ್ಲ ಗುರುತು ಹಾಕಿದೆವು. ಹನ್ನೊಂದು ರಿವೆಟ್‌ಗಳು ಸಿಕ್ಕಿದವು. ಒಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿಹಿಡಿದು, ಇನ್ನೊಬ್ಬರು ಹೊರಗಿನಿಂದ ಬಡಿದು ಅವುಗಳನ್ನು ಬಿಗಿಗೊಳಿಸಿ, ಆಮೇಲೆಯೇ ಸೀಲಂಟ್ ಹಚ್ಚಿದೆವು. ನೀರು ಹೀರದ ಹೊಸ ಫೋಮ್ ಹಲಗೆಗಳನ್ನು ತಳಕ್ಕೆ ತಾಗದಂತೆ ಎತ್ತರಿಸಿ, ನಡುವೆ ಕಾಲುವೆಯಂತೆ ಜಾಗ ಬಿಟ್ಟು ಜೋಡಿಸಿದೆವು. ನೆಲಕ್ಕೆ ತಾಮ್ರದ ಲವಣದಲ್ಲಿ ಸಂಸ್ಕರಿಸಿದ ಮರವನ್ನು ಬಳಸಲಿಲ್ಲ. ತಾಮ್ರ, ಅಲ್ಯುಮಿನಿಯಂ, ನಡುವೆ ನೀರು ಸೇರಿದರೆ ವಿದ್ಯುತ್ಕೋಶವೇ ಏರ್ಪಟ್ಟು ತಗಡು ಸವೆಯುತ್ತದೆ.

ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆಯನ್ನು ತಡೆಯುವವರು ಯಾರೂ ಇಲ್ಲ. ಬಸಿಗಾಲುವೆಯ ಹೂಳು ತೆಗೆಯುತ್ತಾರೆ, ಅಷ್ಟೇ. ದೋಣಿಗೂ ಅದೇ ನ್ಯಾಯ. ಮಳೆಯೋ ಅಲೆಯೋ ಒಂದಿಷ್ಟು ನೀರನ್ನು ಒಳಗೆ ತಂದೇ ತರುತ್ತದೆ. ದಾರಿ ಬಿಡದೆ ಎಲ್ಲವನ್ನೂ ಮುಚ್ಚಿದರೆ, ಬಂದ ನೀರು ಒಳಗೇ ಉಳಿಯುತ್ತದೆ.

ಈಗ ಪ್ಲಗ್ಗಿನ ಜವಾಬ್ದಾರಿ ಮೊಮ್ಮಗನದು. ಇಳಿಯುವ ಮುನ್ನ ಹಾಕುತ್ತಾನೆ, ಮೇಲೆ ಬಂದೊಡನೆ ಬಿಚ್ಚುತ್ತಾನೆ. ಒಂದು ಸರೋವರದ ಜೀವಿಗಳು ಇನ್ನೊಂದಕ್ಕೆ ಹರಡದಿರಲೆಂದು ದೋಣಿಯನ್ನು ಪ್ಲಗ್ ಬಿಚ್ಚಿಯೇ ಸಾಗಿಸಬೇಕೆಂಬುದು ಆ ರಾಜ್ಯದ ಕಾನೂನು ಕೂಡ.

ನಿಮ್ಮಲ್ಲಿ ಹೆಚ್ಚಿನವರ ಬಳಿ ದೋಣಿ ಇರಲಾರದು, ತಾರಸಿಯಂತೂ ಇದ್ದೇ ಇರುತ್ತದೆ. ಮುಂಗಾರು ಆರಂಭವಾಗುವ ಮೊದಲು ಒಮ್ಮೆ ಮೇಲೆ ಹತ್ತಿ, ನೀರು ಹೋಗುವ ಕೊಳವೆಯ ಬಾಯಲ್ಲಿ ಕಟ್ಟಿಕೊಂಡ ಎಲೆಗಳನ್ನು ತೆಗೆಯಿರಿ. ಆಮೇಲೆ ಬೇಕಾದರೆ ಸಿಮೆಂಟಿನ ವಿಚಾರ ಮಾಡೋಣ.