ಖಾನಾಪುರದ ಬಸ್ಸಿನಲ್ಲಿ ಚೀಲಗಳ ಮೆರವಣಿಗೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಮುಂಜಾನೆ ಎಂಟರ ಬಸ್ಸು ಹಿಡಿದರೆ ಶಾಲೆಯ ಪ್ರಾರ್ಥನೆಗೆ ಸರಿಯಾಗಿ ತಲುಪಬಹುದು. ಎಷ್ಟೋ ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿದ್ದರೂ ನನಗೆ ಸೀಟು ಸಿಗುವುದು ಅಪರೂಪ. ನಿಂತವನ ಕಣ್ಣಿಗೆ ಮೊದಲು ಬೀಳುವುದು ಕುಳಿತವರ ತೊಡೆಯ ಮೇಲಿನ ಚೀಲ. ಹೀಗಾಗಿ ಚೀಲ ನೋಡಿ, ಯಾರು ಎಲ್ಲಿ ಇಳಿಯುತ್ತಾರೆಂದು ಊಹಿಸುವ ಚಟ ನನಗೆ ಅಂಟಿಕೊಂಡಿದೆ.

ಊಟದ ಡಬ್ಬಿ ಅಲುಗಾಡದಂತೆ ಚೀಲವನ್ನು ನೆಟ್ಟಗೆ ಹಿಡಿದವರು ಉದ್ಯಮಬಾಗದ ಕಾರ್ಖಾನೆಯವರು. ಬೆನ್ನಿನ ಚೀಲವನ್ನು ಎದೆಗೆ ತಿರುಗಿಸಿಕೊಂಡು, ಒಳಗಿನ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಕಾಯುವವರು ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹುಡುಗ-ಹುಡುಗಿಯರು. ನಲವತ್ತು ದಾಟಿದ ಶಿಕ್ಷಕಿಯರದು ಮೂರ್ನಾಲ್ಕು ಜಿಪ್ಪಿನ ದೊಡ್ಡ ವ್ಯಾನಿಟಿ ಬ್ಯಾಗು. ಕೊಡೆ, ಡಬ್ಬಿ, ಕನ್ನಡಕ, ಮಕ್ಕಳ ಔಷಧಿ ಎಲ್ಲವೂ ಅದರಲ್ಲೇ. ಇಪ್ಪತ್ತರ ತರುಣಿಯರದು ಅಂಗೈಯಗಲದ, ಉದ್ದನೆಯ ದಾರದ ಬ್ಯಾಗು. ಮೊಬೈಲು ಇಟ್ಟರೆ ಬಾಚಣಿಗೆಗೆ ಜಾಗವಿಲ್ಲ!

ಇವರ ನಡುವೆ ಕಿಟಕಿಯ ಪಕ್ಕ ಇಳಕಲ್ ಸೀರೆಯ ಅಜ್ಜಿ. ಕೈಯಲ್ಲಿ ಬಟ್ಟೆಯ ಪಿಶವಿ, ಸೊಂಟದಲ್ಲಿ ಚಂಚಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಚಂಚಿಯೊಳಗೆ ಬೇರೆ ಬೇರೆ ಅರೆಗಳು. ಪೇಟೆಯ ಬ್ಯಾಗುಗಳಿಗೆ ಜಿಪ್ಪು ಬರುವ ಮೊದಲೇ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಗೊತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಆ ಚಂಚಿಯಲ್ಲಿ ಗುರುತಿನ ಚೀಟಿಗೂ ಒಂದು ಅರೆ ಮೀಸಲಾಗಿದೆ.

ವಯಸ್ಸಿಗೊಂದು ಚೀಲ ಏಕೆ? ಉಡುಪನ್ನು ನೋಡಿದರೆ ಉತ್ತರ ಸಿಗುತ್ತದೆ. ಸೀರೆಯುಟ್ಟ ಅಜ್ಜಿಗೆ ಉಡಿಯೇ ಚೀಲ. ಹೊಲದಲ್ಲಿ ಕಾಯಿ ಬಿಡಿಸಿದರೂ ಅದರಲ್ಲೇ, ಮೊಮ್ಮಕ್ಕಳಿಗೆ ಬೆಲ್ಲ ತಂದರೂ ಅದರಲ್ಲೇ. ಚೂಡಿದಾರಕ್ಕೆ ಉಡಿಯೂ ಇಲ್ಲ, ಹೆಚ್ಚಿನವಕ್ಕೆ ಕಿಸೆಯೂ ಇಲ್ಲ. ಉಡಿ ಹೋದ ಜಾಗಕ್ಕೆ ಬ್ಯಾಗು ಬಂತು.

ಇನ್ನು ಊರಿನ ಪ್ರಭಾವ. ಬೆಳಗಾವಿಯ ಖಡೇ ಬಜಾರದ ಅಂಗಡಿಗಳಲ್ಲಿ ಬಣ್ಣಕ್ಕೆ ಬೆಲೆ. ಖಾನಾಪುರದಲ್ಲಿ ಮಳೆಯನ್ನು ಕೇಳಿಯೇ ಚೀಲ ಕೊಳ್ಳಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಪಶ್ಚಿಮ ಘಟ್ಟದ ಈ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಕಳಚಿ ಬಿದ್ದಂತೆ ಸುರಿಯುತ್ತದೆ. ಈ ಮಾತು ನನಗೆ ತಡವಾಗಿ ತಿಳಿಯಿತು. ಅದನ್ನು ತಿಳಿಸಿದವಳು ಒಬ್ಬ ವಿದ್ಯಾರ್ಥಿನಿ.

ಹಲವು ವರ್ಷಗಳ ಹಿಂದಿನ ಜುಲೈ. ಕಾಡಂಚಿನ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಆ ಹುಡುಗಿಯ ಹೆಗಲಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಬ್ಯಾಗಿತ್ತು. “ಸಾಲಿಗೆ ಬಂದೀಯೋ, ಸಂತಿಗೆ ಬಂದೀಯೋ?” ಎಂದು ಎಲ್ಲರೆದುರು ಕೇಳಿಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ತಲೆ ತಗ್ಗಿಸಿ ಕುಳಿತಳು.

ಅದೇ ವಾರ ಮೂರು ದಿನ ಬಿಡದೆ ಮಳೆ. ಪ್ರಯೋಗದ ವಹಿಗಳನ್ನು ಮೇಜಿನ ಮೇಲೆ ತರಿಸಿದರೆ ಬಹುತೇಕ ಎಲ್ಲವೂ ತೊಯ್ದಿದ್ದವು. ಪೇಟೆಯಿಂದ ತಂದ ನನ್ನ ರೆಕ್ಸಿನ್ ಬ್ಯಾಗಿನೊಳಗಿನ ಉತ್ತರ ಪತ್ರಿಕೆಗಳ ಶಾಯಿ ಕೂಡ ಹರಿದಿತ್ತು. ಆ ಹುಡುಗಿಯ ವಹಿ ಮಾತ್ರ ಗರಿಗರಿ. “ಇದರಾಗ ನೀರ ಹೋಗಂಗಿಲ್ರೀ ಸರ್. ನಮ್ಮವ್ವ ಹೊಲದಾಳ” ಎಂದಳು. ಚೀಲವನ್ನು ಕೈಗೆತ್ತಿಕೊಂಡು ನೋಡಿದೆ. ಹೊರಗೆ ಪ್ಲಾಸ್ಟಿಕ್ ಎಳೆಗಳ ನೇಯ್ಗೆ, ಒಳಗೆ ತೆಳು ಪ್ಲಾಸ್ಟಿಕ್ಕಿನ ಅಸ್ತರು. ಹಳೆಯ ಸೀರೆಯನ್ನು ಮಡಿಸಿ ಹೊಲಿದ ಎರಡು ಪಟ್ಟಿಗಳು ನಾಲ್ಕು ಬೆರಳಗಲ ಇದ್ದವು.

ಮರುದಿನ ಅವಳನ್ನು ಕೇಳಿ ಅದೇ ಚೀಲದಿಂದ ಒತ್ತಡದ ಪಾಠ ಮಾಡಿದೆ. ಭಾರ ಅಷ್ಟೇ ಇದ್ದು ಪಟ್ಟಿಯ ಅಗಲ ಇಮ್ಮಡಿಯಾದರೆ ಹೆಗಲ ಮೇಲಿನ ಒತ್ತಡ ಅರ್ಧಕ್ಕಿಳಿಯುತ್ತದೆ. ಭಾರವನ್ನು ಒಂದೇ ಹೆಗಲಿಗೆ ಹಾಕಿದರೆ ತೋಲ ತಪ್ಪದಿರಲು ಮೈ ಇನ್ನೊಂದು ಕಡೆಗೆ ವಾಲುತ್ತದೆ; ದಿನವೂ ಹಾಗಾದರೆ ಬೆನ್ನು, ಕುತ್ತಿಗೆ ನೋಯುತ್ತವೆ. ಮಕ್ಕಳು ಸರದಿಯಂತೆ ಆ ಚೀಲವನ್ನೂ ತಮ್ಮ ಸಣ್ಣ ಪಟ್ಟಿಯ ಬ್ಯಾಗನ್ನೂ ಹೊತ್ತು ನೋಡಿದರು. ಈ ಸಲ ಯಾರೂ ನಗಲಿಲ್ಲ. ಪಾಠದಲ್ಲಿ ಅವಳ ಅವ್ವನನ್ನು ಹೊಗಳಿದೆ. ಆದರೆ ‘ತಪ್ಪಾಯಿತು’ ಎಂಬ ಮಾತು ಬಾಯಿಂದ ಬರಲಿಲ್ಲ. ಆ ಸಾಲ ಇನ್ನೂ ತೀರಿಲ್ಲ.

ಈಗ ಖಾನಾಪುರದ ಅಂಗಡಿಗಳಲ್ಲೂ ಬೆಳಗಾವಿಯ ಮಾದರಿಗಳೇ ತೂಗುತ್ತವೆ. ಅದು ತಪ್ಪಲ್ಲ, ಹಳ್ಳಿಯ ಮಕ್ಕಳಿಗೂ ಚಂದದ ಆಸೆ ಇರುತ್ತದೆ. ಆದರೆ ಕೊಳ್ಳುವಾಗ ತಾಯಿತಂದೆಯರು ಬಣ್ಣದ ಜೊತೆಗೆ ಮೂರು ಸಂಗತಿ ನೋಡಲಿ: ಪಟ್ಟಿ ಎರಡಿವೆಯೇ, ಅಗಲವಾಗಿವೆಯೇ, ಮಳೆ ತಡೆಯುತ್ತದೆಯೇ? ತುಂಬಿದ ಮೇಲೆ ತಕ್ಕಡಿಗೂ ಒಮ್ಮೆ ಹಾಕಲಿ. ರಾಜ್ಯ ಸರ್ಕಾರದ 2019ರ ಆದೇಶದಂತೆ ಒಂದು-ಎರಡನೆಯ ತರಗತಿಗೆ ಒಂದೂವರೆಯಿಂದ 2 ಕಿಲೋ, ಒಂಬತ್ತು-ಹತ್ತಕ್ಕೆ 4ರಿಂದ 5 ಕಿಲೋ ಭಾರ ಸಾಕು.

ಮಕ್ಕಳೇ, ನಿಮಗೊಂದು ಮಾತು. ಪಕ್ಕದವರ ಚೀಲ ನೋಡಿ ನಗು ಬಂದರೆ, ಅದನ್ನು ಹೊಲಿದವರು ಯಾರೆಂದು ಮೊದಲು ಕೇಳಿ. ನಾನು ಕೇಳಿರಲಿಲ್ಲ.