ಮನೆಯೊಳಗಿನ ಮಳೆ

ರಾತ್ರಿ ಹತ್ತೂವರೆಗೆ ದಿನದ ಕೊನೆಯ ಸೊಪ್ಪು ಹಾಕಿ ಹುಳದ ಮನೆಯ ಹೊಸಿಲ ಮೇಲೆ ಕೂತರೆ ಮಳೆ ಶುರುವಾಗುತ್ತದೆ. ಹೊರಗೆ ಆಕಾಶದಲ್ಲಿ ಒಂದು ಚೂರು ಮೋಡವಿರುವುದಿಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಮಗ್ಗುಲಿನ ನಮ್ಮ ಹೊಲಕ್ಕೆ ನಿಜವಾದ ಮಳೆ ಬರುವುದು ಲೆಕ್ಕ ಹಾಕಿದ ಹಾಗೆ. ಆದರೆ ಒಳಗೆ, ಐದನೆಯ ಹಂತದ ಇಪ್ಪತ್ತು ಸಾವಿರ ರೇಷ್ಮೆಹುಳುಗಳು ಒಟ್ಟಿಗೆ ಎಲೆ ಮೇಯುವ ಸದ್ದು ಹೆಂಚಿನ ಮೇಲೆ ಬೀಳುವ ಜಡಿಮಳೆಯೇ. ಮೊದಲು ಅಲ್ಲೊಂದು ಇಲ್ಲೊಂದು ಹನಿ, ಆಮೇಲೆ ಇಡೀ ಮನೆಗೆ ಮನೆಯೇ ಸುರಿಯುತ್ತದೆ. ನಾನು ಈ ಕೆಲಸ ಬಿಡದೆ ಹಿಡಿದುಕೊಂಡಿರುವುದಕ್ಕೆ ಹಲವು ಕಾರಣ ಹೇಳಬಲ್ಲೆ. ಮೊದಲನೆಯದು ಈ ಸದ್ದು.

ಹುಟ್ಟಿದಾಗಿನಿಂದ ಕೇಳಿದ ಸದ್ದು ಇದು. ಅಪ್ಪನ ಕಾಲದಲ್ಲಿ ನಮ್ಮ ನಡುಮನೆಯಲ್ಲೇ ಹುಳ, ನಾವೆಲ್ಲ ಜಗುಲಿಯಲ್ಲಿ. ಕೊಳ್ಳೇಗಾಲದ ಸೀಮೆಗೆ ರೇಷ್ಮೆ ಹೊಸದಲ್ಲ. 1956ಕ್ಕೆ ಮೊದಲು ಈ ತಾಲ್ಲೂಕು ಮದ್ರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಷ್ಟು ದೊಡ್ಡ ಪ್ರಾಂತ್ಯದಲ್ಲಿ ಹುಳ ಸಾಕುವವರು ಎಲ್ಲಿದ್ದಾರೆ ಎಂದರೆ ಕೊಳ್ಳೇಗಾಲದ ಕಡೆಗೇ ಕೈ ತೋರಿಸುತ್ತಿದ್ದರು. ಹಳ್ಳಿಯಲ್ಲಿ ಹುಳ, ಪೇಟೆಯಲ್ಲಿ ಮಗ್ಗ. ದೇವಾಂಗರ ಬೀದಿಯಲ್ಲಿ ಮಗ್ಗದ ಸದ್ದು ಕೇಳಿದಾಗ ಅಪ್ಪ ನಿಂತು, ಅದರಲ್ಲಿ ನಮ್ಮ ಹುಳದ ಎಳೆಯೂ ಇದ್ದೀತು ಎನ್ನುತ್ತಿದ್ದರು. ಆಮೇಲೆ ಚೀನಾದ ಅಗ್ಗದ ರೇಷ್ಮೆ ಬಂದು ಸುರಿದ ವರ್ಷಗಳಲ್ಲಿ ಗೂಡಿನ ಬೆಲೆ ಬಿದ್ದುಹೋಯಿತು. ಅಪ್ಪ ಹಿಪ್ಪುನೇರಳೆ ತೋಟವನ್ನು ಬೇರುಸಮೇತ ಕೀಳಿಸಿ ಅರಿಶಿನ ಹಾಕಿದರು. ಬದುವಿನ ಮೇಲೆ ಮಾತ್ರ ಒಂದು ಸಾಲು ಗಿಡ ಉಳಿಯಿತು. ಅದನ್ನು ಕೀಳಲು ಅವರಿಗೆ ಮನಸ್ಸು ಬರಲಿಲ್ಲವೋ ಏನೋ, ಅವು ಬೆಳೆದು ಮರಗಳೇ ಆದವು.

ಅಪ್ಪ ಹೋದ ಮೇಲೆ ಊರಿಗೆ ವಾಪಸು ಬಂದು, ಒಂದು ಎಕರೆಗೆ ವಿ-1 ತಳಿಯ ಕಡ್ಡಿ ನೆಡಿಸುತ್ತೇನೆ ಅಂದಾಗ ಮೊದಲು ಬಾಯಿ ಬಿಟ್ಟವರು ಚಿಕ್ಕಪ್ಪ.

"ಬುಡವ್ವ ಅತ್ಲಾಗಿ. ನಿಮ್ಮಪ್ಪನ ಕೈಲೇ ಆಗ್ನಿಲ್ಲ, ನಿನ್ ಕೈಲಿ ಆದದಾ?"

ಅವರು ಕೆಡುಕು ಬಯಸಿ ಹೇಳಿದ ಮಾತಲ್ಲ ಅದು. ಅಪ್ಪನ ಜೊತೆ ಅವರೂ ತಮ್ಮ ತೋಟ ಕಿತ್ತವರು. ಬೆಲೆ ಬಿದ್ದ ದಿನ ಮಾರುಕಟ್ಟೆಯಿಂದ ಗೂಡಿನ ಚೀಲ ವಾಪಸು ಹೊತ್ತು ತಂದವರು. ನೋವು ತಿಂದವರು ಬೇಡ ಅಂದಾಗ ಅದಕ್ಕೆ ಎದುರುವಾದ ಇರುವುದಿಲ್ಲ. ನಾನೂ ವಾದ ಮಾಡಲಿಲ್ಲ. ಹೋಗಲಿ, ಎರಡು ಸಲ ಪೊರೆ ಬಿಟ್ಟ ಹುಳವನ್ನು ಮರಿಹುಳ ಸಾಕಿಕೊಡುವ ಚಾಕಿ ಕೇಂದ್ರದಿಂದಲೇ ತಂದುಕೋ, ಅರ್ಧ ಕಷ್ಟ ತಪ್ಪುತ್ತದೆ ಎಂದು ನೆಂಟರು ಹೇಳಿದರು. ಅದು ಜಾಣತನದ ಮಾತು, ಈಗ ಬಹಳ ಜನ ಮಾಡುವುದೂ ಅದನ್ನೇ. ಆದರೆ ನನಗೆ ಮೊಟ್ಟೆಯಿಂದಲೇ ಶುರು ಮಾಡುವ ಆಸೆ. ಮಗುವನ್ನು ನಡೆಯಲು ಕಲಿತ ಮೇಲೆ ಮನೆಗೆ ಕರೆತಂದ ಹಾಗಾಗುತ್ತದೆ ಅನ್ನಿಸಿತು.

ನಮ್ಮಲ್ಲಿ ಐವತ್ತು ಮೊಟ್ಟೆ ಎಂದರೆ ಐವತ್ತು ಚಿಟ್ಟೆಗಳು ಇಟ್ಟ ಮೊಟ್ಟೆ. ಒಂದೊಂದು ಚಿಟ್ಟೆ 400ರಿಂದ 500 ಇಡುತ್ತದೆ. ಸಾಸಿವೆಗಿಂತ ಸಣ್ಣ ಮೊಟ್ಟೆಯಲ್ಲಿ ಒಂದು ದಿನ ಕಪ್ಪು ಚುಕ್ಕೆ ಕಾಣುತ್ತದೆ. ಅದು ಒಳಗಿನ ಹುಳದ ತಲೆ. ಆಗ ಮೊಟ್ಟೆಯ ಹಾಳೆಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡಬೇಕು. ಅವಸರದವು ಕಾಯಲಿ, ನಿಧಾನದವು ಬಂದು ಸೇರಲಿ ಎಂದು. ಎಲ್ಲವೂ ತಯಾರಾದ ಬೆಳಿಗ್ಗೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದರೆ, ಎರಡು ಗಂಟೆಯೊಳಗೆ ಹಾಳೆಯ ತುಂಬ ಕರಿ ನೂಲಿನ ಚೂರುಗಳು ಮಿಸುಕಾಡುತ್ತವೆ. ಬೆರಳು ತಾಗಿಸುವಂತಿಲ್ಲ, ಕೋಳಿಗರಿಯಿಂದ ಸವರಿ ಇಳಿಸಬೇಕು. ಕೊನೆಯ ಕುಡಿ ಎಲೆಗಳನ್ನು ಹೊಗೆಸೊಪ್ಪಿನಷ್ಟು ಸಣ್ಣಗೆ ಹೆಚ್ಚಿ ಉದುರಿಸಬೇಕು. ಅಷ್ಟು ಹುಳಕ್ಕೂ ಆ ದಿನ ಸಾಕಾಗುವ ಸೊಪ್ಪು ನನ್ನ ಮಡಿಲಲ್ಲಿ ಹಿಡಿಸುತ್ತದೆ. ಅವೇ ಹುಳುಗಳು ಗೂಡು ಕಟ್ಟುವ ಹೊತ್ತಿಗೆ ಅರ್ಧ ಟನ್ನಿನಷ್ಟು ಸೊಪ್ಪು ತಿಂದು, ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳೆದಿರುತ್ತವೆ.

ನಡುವೆ ನಾಲ್ಕು ಸಲ ಹುಳು ಊಟ ಬಿಟ್ಟು, ತಲೆ ಎತ್ತಿ, ಹೆಡೆ ಬಿಚ್ಚಿದ ಪುಟ್ಟ ಹಾವಿನಂತೆ ಅಲುಗಾಡದೆ ಕೂರುತ್ತದೆ. ಪೊರೆ ಬಿಡುವ ಹೊತ್ತು ಅದು. ನಮ್ಮ ಜನ ಅದಕ್ಕೆ ಜ್ವರ ಎನ್ನುತ್ತಾರೆ: ಮೊದಲನೆಯ ಜ್ವರ, ಎರಡನೆಯ ಜ್ವರ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು. ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಲು ಬಿಟ್ಟು, ಸುಮ್ಮನಿರಬೇಕು. ಮೊದಮೊದಲು ನನಗೆ ಅತಿ ಕಷ್ಟವಾದದ್ದು ಇದೇ. ಒಂದು ದಿನವೆಲ್ಲ ಸದ್ದಿಲ್ಲದ ಮನೆ, ಸತ್ತವೋ ಬದುಕಿವೆಯೋ ಗೊತ್ತಾಗದ ಹುಳುಗಳು. ಮೊದಲು ಎದ್ದ ನಾಲ್ಕು ಹುಳಕ್ಕೆ ಮರುಗಿ ಸೊಪ್ಪು ಹಾಕಿದರೆ ಉಳಿದವು ಹಿಂದೆ ಬಿದ್ದು ಇಡೀ ಬೆಳೆ ಹೆಚ್ಚುಕಮ್ಮಿಯಾಗುತ್ತದೆ. ಎಲ್ಲವೂ ಏಳುವ ತನಕ ಕೈ ಕಟ್ಟಿಕೊಂಡಿರುವುದೂ ಈ ಕಸುಬಿನಲ್ಲಿ ದುಡಿಮೆಯೇ.

ಮೊದಲ ಬೆಳೆ ಹೋಯಿತು. ಏಪ್ರಿಲ್ ತಿಂಗಳ ಸೆಕೆ, ನಾಲ್ಕನೆಯ ಜ್ವರ ದಾಟಿದ್ದವು. ಒಂದು ಬೆಳಿಗ್ಗೆ ಹುಳುಗಳು ಸೊಪ್ಪಿನ ಮೇಲೆ ನಿತ್ರಾಣವಾಗಿ ಮಲಗಿದ್ದವು. ಮುಟ್ಟಿದರೆ ಮೆತ್ತಗೆ, ಸಂಜೆಗೆ ಕಪ್ಪು, ಕೆಟ್ಟ ವಾಸನೆ. ಸಪ್ಪೆ ರೋಗ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಎರಡನೆಯ ಬೆಳೆಗೆ ಊಜಿ ನೊಣ ಬಿತ್ತು. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದು ಅಪ್ಪನ ತಲೆಮಾರನ್ನು ಕಂಗಾಲು ಮಾಡಿದ ನೊಣ ಅದು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದು ಹೋಗುತ್ತದೆ, ಚರ್ಮದ ಮೇಲೆ ಒಂದು ಕರಿಮಚ್ಚೆ ಉಳಿಯುತ್ತದೆ. ಹರಿದ ಸೊಳ್ಳೆಪರದೆಯ ಒಂದು ಮೂಲೆ ಸಾಕಾಗಿತ್ತು ಅದಕ್ಕೆ. ಆ ರಾತ್ರಿ ತಟ್ಟೆಗಳ ನಡುವೆ ನಿಂತು ಅತ್ತೆ. ಅವ್ವ ಬಂದು ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದಳು. "ಹುಳಿನ್ ಮುಂದ ಅಳಬ್ಯಾಡ ಕನವ್ವ" ಅಂದಳು. ಅಷ್ಟೇ. ಬಿಡು ಅಂತಲೂ ಅನ್ನಲಿಲ್ಲ, ಮಾಡು ಅಂತಲೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಸೂಜಿ ದಾರ ಹಿಡಿದು ಪರದೆಗೆ ತೇಪೆ ಹಾಕುತ್ತಿದ್ದಳು.

ಆ ಬಿಡುವಿನ ತಿಂಗಳಲ್ಲಿ ಲೂಯಿ ಪಾಶ್ಚರನ ಬಗ್ಗೆ ಓದಿದೆ. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವನೆಂದು ಶಾಲೆಯಲ್ಲಿ ಕಲಿತಿದ್ದೆ. ಅದಕ್ಕೆ ಎಷ್ಟೋ ಮೊದಲು ಅವನು ಐದು ವರ್ಷ ಹುಳದ ಮನೆಯಲ್ಲಿ ಕಳೆದವನೆಂದು ತಿಳಿದಿರಲಿಲ್ಲ. 1865ರಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿ ರೇಷ್ಮೆಹುಳುಗಳು ರಾಶಿ ರಾಶಿ ಸಾಯುತ್ತಿದ್ದಾಗ ಅವನ ಗುರು ಡ್ಯೂಮಾ ಅವನನ್ನು ಆಲೆ ಎಂಬ ಊರಿಗೆ ಕಳಿಸಿದ. ಪಾಶ್ಚರ್ ಅಲ್ಲಿಯವರೆಗೆ ರೇಷ್ಮೆಹುಳ ಮುಟ್ಟಿದವನಲ್ಲ. ಗೂಡಿನೊಳಗೆ ಕೋಶ ಇರುತ್ತದೆಂಬುದನ್ನೂ ಕೀಟಗಳ ಪಂಡಿತ ಫಾಬ್ರ್‌ನಿಂದ ಕೇಳಿ ತಿಳಿದವನು. ಮೊದಲು ತಪ್ಪು ದಾರಿ ಹಿಡಿದ, ತಪ್ಪೆಂದು ಒಪ್ಪಿ ಮತ್ತೆ ಶುರು ಮಾಡಿದ. ಆ ವರ್ಷಗಳಲ್ಲೇ ತಂದೆ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಲಕ್ವ ಹೊಡೆದು ಎಡಭಾಗದ ಸ್ವಾಧೀನ ಹೋಯಿತು. ಮೊಟ್ಟೆ ಮಾರುವ ವ್ಯಾಪಾರಿಗಳು ಅವನ ಮಾತನ್ನು ಅಲ್ಲಗಳೆಯುತ್ತಲೇ ಇದ್ದರು. ಆದರೂ ಬಿಡಲಿಲ್ಲ. ಗಂಟು ರೋಗ ಬೇರೆ, ಸಪ್ಪೆ ರೋಗ ಬೇರೆ ಎಂದು ಬಿಡಿಸಿ ತೋರಿಸಿದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟು ರೋಗದ ಕಣವಿದ್ದರೆ ಅದರ ಮೊಟ್ಟೆಯನ್ನು ಸುಟ್ಟುಬಿಡಿ ಎಂದ. ಇವತ್ತಿಗೂ ನಾವು ತರುವ ರೋಗಮುಕ್ತ ಮೊಟ್ಟೆಯ ಹಾಳೆ ಈ ಪರೀಕ್ಷೆ ದಾಟಿಯೇ ಬರುವುದು. ಅದನ್ನು ಓದಿದ ಮೇಲೆ ಆ ಹಾಳೆ ಕೈಗೆ ಬಂದಾಗಲೆಲ್ಲ ಅರ್ಧ ದೇಹ ಬಿದ್ದರೂ ಹುಳ ನೋಡುತ್ತಾ ಕೂತಿದ್ದ ಆ ಮನುಷ್ಯ ಕಣ್ಣ ಮುಂದೆ ಬರುತ್ತಾನೆ.

ಧೈರ್ಯ ಕೊಟ್ಟ ಇನ್ನೊಬ್ಬರು ಯಳಂದೂರು ಕಡೆಯ ನನ್ನ ಸೋದರತ್ತೆ. ಅವರು ಹರೆಯದಲ್ಲಿ ಮಾಂಬಳ್ಳಿಯ ಸರ್ಕಾರಿ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುತ್ತಿದ್ದವರು. ಬೆರಳ ತುದಿಗಳು ಬಿಸಿನೀರಿನಲ್ಲಿ ನೆಂದು ನೆಂದು ಗೆರೆ ಅಳಿಸಿಹೋದ ಹಾಗಿವೆ. ಎರಡನೆಯ ಬೆಳೆಯಲ್ಲಿ ಹೇಗೋ ಉಳಿದು ಕಟ್ಟಿದ್ದ ಒಂದು ಹಿಡಿ ಗೂಡನ್ನು ಅವರ ಮುಂದೆ ಇಟ್ಟೆ. ಅತ್ತೆ ಅವನ್ನು ಕಣ್ಣಿಗೊತ್ತಿಕೊಂಡು, ಒಳಗಿನ ಜೀವಕ್ಕೆ ಏನೋ ಹೇಳಿಕೊಂಡು, ಕುದಿಯುವ ನೀರಿಗೆ ಬಿಟ್ಟರು. ಅಂಟು ಕರಗಿತು. ಮೇಲಿನ ಸಿಕ್ಕು ನಾರನ್ನು ಕಡ್ಡಿಯಿಂದ ಸವರಿ ಸವರಿ ತೆಗೆದರು. ನನ್ನ ಕಣ್ಣಿಗೆ ಬರೀ ಗೋಜಲು.

"ಎಳ ಎಲ್ಲೂ ಹೋಗಿರದಿಲ್ಲ ಕನವ್ವ. ಕೈಗ ಸಿಕ್ಬೇಕು ಅಷ್ಟೇಯ" ಅಂದರು ಅತ್ತೆ.

ಅಂದ ಹಾಗೇ ಸಿಕ್ಕಿತು. ಎಂಟು ಗೂಡಿನ ಎಂಟು ಎಳೆಗಳನ್ನು ಸೇರಿಸಿ ಎಳೆದರು. ಗೂಡುಗಳು ನೀರಿನಲ್ಲಿ ಕುಣಿಯುತ್ತಾ ತಿರುಗಿದವು, ಒಂದೇ ನೂಲಾಗಿ ಮೇಲೆ ಬಂತು. ಒಂದು ಗೂಡು ಎಂದರೆ ತುಂಡಿಲ್ಲದ ಒಂದೇ ಎಳೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಅದು ಸಾವಿರ ಮೀಟರಿನಷ್ಟು ಉದ್ದ ಬರುತ್ತದೆ. ರೋಗದ ಮನೆಯಲ್ಲಿ, ಊಜಿಯ ನಡುವೆ ಬೆಳೆದ ಹುಳವೂ ಎಳೆಯನ್ನು ಕಡಿಯದೆ ನೆಯ್ದಿತ್ತು. ಸೋತ ಬೆಳೆ ಎಂದು ನಾನು ಕರೆದದ್ದರೊಳಗೆ ಅದು ಇತ್ತು.

ಮೂರನೆಯ ಬೆಳೆ ಕಾರ್ತಿಕದಲ್ಲಿ. ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ನಮ್ಮ ರಸ್ತೆಯಲ್ಲೇ ಸಾಗುತ್ತಾರೆ. ಬೊಬ್ಬೆ ಎದ್ದ ಕಾಲಿಗೆ ಬಟ್ಟೆ ಸುತ್ತಿಕೊಂಡ ಮುದುಕಿಗೆ ನೀರು ಕೊಡುತ್ತಾ, ಇನ್ನೂ ಎಷ್ಟು ದೂರ ಅಜ್ಜಿ, ಬಸ್ಸಿದೆಯಲ್ಲ, ಎಂದೆ. ಆಕೆ ಚೊಂಬು ವಾಪಸು ಕೊಟ್ಟು, ಉಘೇ ಮಾದಪ್ಪ ಎಂದು ನಡೆದೇ ಹೋದಳು. ನನಗೂ ಆರು ಗಂಟೆಯ ಸೊಪ್ಪಿನ ಹೊತ್ತಾಗಿತ್ತು. ಯಾಕೆ ಮಾಡುತ್ತೀಯ, ಏನು ಸಿಗುತ್ತದೆ ಎಂದು ಕೇಳುವವರಿಗೆ ಕೊಡಲು ನನ್ನ ಹತ್ತಿರವೂ ಬೇರೆ ಉತ್ತರವಿಲ್ಲ. ಹೊತ್ತಿಗೆ ಸರಿಯಾಗಿ ಮುಂದಿನ ಸೊಪ್ಪು ಹಾಕುವುದೊಂದೇ ಉತ್ತರ.

ಇಪ್ಪತ್ತಾರನೆಯ ದಿನ ಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಆಸರೆ ಹುಡುಕುತ್ತದೆ. ದೀಪಕ್ಕೆ ಹಿಡಿದರೆ ಮೈಯೊಳಗೆ ಮಾಗಿದ ದ್ರಾಕ್ಷಿಯ ಹಾಗೆ ಬೆಳಕು ಹಾಯುತ್ತದೆ. ಆಗ ತಡ ಮಾಡುವಂತಿಲ್ಲ, ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಅಟ್ಟದಿಂದ ಅಪ್ಪನ ಬಿದಿರಿನ ಚಂದ್ರಿಕೆಗಳನ್ನು ಇಳಿಸಿದ್ದೆವು. ಒಂದೊಂದಕ್ಕೆ ಸಾವಿರ ಹುಳ, ಇಪ್ಪತ್ತು ಚಂದ್ರಿಕೆ. ಅವ್ವನದು ನನ್ನದು ನಾಲ್ಕು ಕೈ ಯಾವ ಮೂಲೆಗೂ ಸಾಲದು. ಹೇಳಿ ಕಳಿಸದೆಯೇ ಕೇರಿಯ ಹೆಂಗಸರು ಬಂದರು. ಅವರ ಹಿಂದೆ ಚಿಕ್ಕಪ್ಪನೂ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು, ಬಾಯಿ ತೊಳೆದು, ಕೈ ತೊಳೆದು ಒಳಗೆ ಕಾಲಿಟ್ಟರು. ಹುಳಕ್ಕೆ ಹೊಗೆಸೊಪ್ಪಿನ ವಾಸನೆ ಆಗದೆಂದು ಯಾರೂ ನೆನಪಿಸಬೇಕಾಗಲಿಲ್ಲ. ನಾನು ದೀಪಕ್ಕೆ ಹಿಡಿದು ನೋಡುತ್ತಿದ್ದ ಹುಳಗಳನ್ನು ಅವರು ನೋಟಕ್ಕೇ ಆರಿಸುತ್ತಿದ್ದರು. ಇಪ್ಪತ್ತು ವರ್ಷ ಹುಳ ಮುಟ್ಟದ ಬೆರಳು ಒಂದನ್ನೂ ನಲುಗಿಸಲಿಲ್ಲ.

"ಈ ಸಲ ಆಯ್ತು ಅಂತ ನಂಬ್ಬ್ಯಾಡ. ಬೇಸಗ ಬರೋದ್ರೊಳಗ ಕಿತ್ತಾಕು" ಅಂದರು ಆರಿಸುತ್ತಲೇ.

"ಆಯ್ತು ಚಿಕ್ಕಪ್ಪ" ಅಂದೆ. ಅವರ ಕೈ ನಿಲ್ಲಲಿಲ್ಲ, ನನ್ನದೂ ನಿಲ್ಲಲಿಲ್ಲ.

ಆ ರಾತ್ರಿ ಎಲ್ಲರೂ ಉಂಡು ಹೋದ ಮೇಲೆ ಎಂದಿನಂತೆ ಹೊಸಿಲ ಮೇಲೆ ಕೂತೆ. ಮಳೆ ನಿಂತಿತ್ತು. ದೀಪದ ಬೆಳಕು ಮುಟ್ಟುವ ಚಂದ್ರಿಕೆಯಲ್ಲಿ ಒಂದು ಹುಳ ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತಾ ತನ್ನ ಸುತ್ತ ತೆಳ್ಳನೆಯ ಪರದೆ ಎಳೆದುಕೊಳ್ಳುತ್ತಿತ್ತು. ಇನ್ನು ಎರಡು ಮೂರು ದಿನ ಅದು ನಿಲ್ಲಿಸುವುದಿಲ್ಲ. ಪರದೆ ದಟ್ಟವಾಗಿ ಹುಳ ಮರೆಯಾಗುವ ತನಕ ಕೂತಿದ್ದೆ. ಬೆಳಿಗ್ಗೆ ಆರಕ್ಕೆ ಅಭ್ಯಾಸಬಲದಿಂದ ಸೊಪ್ಪಿನ ಮಂಕರಿ ಎತ್ತಿಕೊಂಡು ತೋಟಕ್ಕೆ ಹೋದೆ. ಮೇಯುವ ಹುಳ ಒಂದೂ ಇರಲಿಲ್ಲ. ಮಂಕರಿಯನ್ನು ಬದುವಿನಲ್ಲಿ ಅಪ್ಪ ಉಳಿಸಿದ ಮರದ ಕೆಳಗೆ ಇಟ್ಟು, ಕುಡುಗೋಲು ತೆಗೆದುಕೊಂಡು, ಮುಂದಿನ ಬೆಳೆಯ ಚಿಗುರಿಗಾಗಿ ಮೊದಲ ಸಾಲನ್ನು ಬುಡಮಟ್ಟಕ್ಕೆ ಕೊಯ್ಯತೊಡಗಿದೆ.