ದೊಡ್ಡ ಆಮೆ, ಸಣ್ಣ ಆಮೆ, ಮರಿ

ನಮ್ಮ ಮನೆಯ ಬಚ್ಚಲಿನಲ್ಲಿರುವುದು ಕಿರಾಣಿ ಅಂಗಡಿಯಿಂದ ತಿಂಗಳ ಸಾಮಾನಿನ ಜೊತೆ ಬರುವ ಸಾಬೂನು. ನಾನು ಮನೆಯಲ್ಲೇ ಸಾಬೂನು ಮಾಡುತ್ತೇನೆ: ಆನೆ, ಆಮೆ, ಮೊಲ, ಮೀನು, ಗೂಬೆ, ಕೇಳಿದರೆ ನವಿಲು ಕೂಡ. ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯ ಮನೆಗಳಲ್ಲಿ, ಕಲ್ಯಾಣದ ನಾದಿನಿಯ ಮನೆಯಲ್ಲಿ, ನವಿ ಮುಂಬಯಿಯ ಸೀವುಡ್ಸಿನಲ್ಲಿರುವ ಮಗಳ ಫ್ಲಾಟಿನಲ್ಲಿ ಅವು ಗಾಜಿನ ಕಪಾಟಿನೊಳಗೆ ಕೂತಿವೆ. ಬಚ್ಚಲಿಗೆ ಇಳಿದದ್ದು ಬಹಳ ಕಡಿಮೆ. ಎಷ್ಟೋ ಕಾಲ ಇದು ನನಗೆ ಸಂತೋಷ ಕೊಡುವ ವಿಷಯವೇ ಆಗಿತ್ತು. ಯಾಕೆ ಸಂತೋಷ ಎಂದು ಕೇಳಿಕೊಂಡಾಗ ಸಿಕ್ಕ ಉತ್ತರ ಅಷ್ಟು ಹಿತವಾಗಿರಲಿಲ್ಲ. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಬುಡದಿಂದ ಸಾಬೂನು ಮಾಡುವ ದಾರಿ ಒಂದಿದೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಅಳತೆ ತಪ್ಪಿದರೆ ಮೈ ಉರಿಯುತ್ತದೆ. ಅಚ್ಚಿನಿಂದ ಬಿಡಿಸಿದ ಮೇಲೂ ನಾಲ್ಕರಿಂದ ಆರು ವಾರ ಒಣಗಿಸಬೇಕು. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಆದ ಸ್ಫೋಟಗಳಿಗೆ ಊರಿಗೆ ಊರೇ ನಡುಗಿದ್ದನ್ನು ಕಂಡ ಡೊಂಬಿವಲಿಯ ಹೆಂಗಸಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಕ್ಷಾರ ಕಲಸುವ ಮನಸ್ಸು ಬರುವುದಿಲ್ಲ. ನಾನು ಹಿಡಿದದ್ದು ಇನ್ನೊಂದು ದಾರಿ. ಕ್ರಾಫರ್ಡ್ ಮಾರ್ಕೆಟ್ ಕಡೆಯಿಂದ ಸಿದ್ಧ ಗ್ಲಿಸರಿನ್ ಬೇಸ್ ತಂದು, ಕರಗಿಸಿ, ಬಣ್ಣ ಮತ್ತು ವಾಸನೆ ಸೇರಿಸಿ ಸಿಲಿಕೋನ್ ಅಚ್ಚಿಗೆ ಹೊಯ್ಯುವುದು. ಅಂದರೆ ಎಣ್ಣೆಯನ್ನು ಸಾಬೂನಾಗಿಸುವ ರಸಾಯನವನ್ನು ಇನ್ನಾರೋ ಕಾರ್ಖಾನೆಯಲ್ಲಿ ಮುಗಿಸಿ ಕೊಟ್ಟಿರುತ್ತಾರೆ. ನನ್ನ ಪಾಲಿಗೆ ಉಳಿಯುವುದು ಆಕಾರ. ‘ಎಲ್ಲಾ ಮನೆಯಲ್ಲೇ ಮಾಡಿದ್ದಾ?’ ಎಂದು ಯಾರಾದರೂ ಕೇಳಿದರೆ ಈಗ ಇಷ್ಟನ್ನೂ ಹೇಳುತ್ತೇನೆ. ಮೊದಲು ನಕ್ಕು ಸುಮ್ಮನಾಗುತ್ತಿದ್ದೆ.

ಆದರೆ ಆ ಆಕಾರದ ಕೆಲಸವೂ ಸಣ್ಣದಲ್ಲ. ಅದರ ಜೀವ ಇರುವುದು ಕಣ್ಣಿನಲ್ಲಿ. ಆನೆಯ ಅಚ್ಚನ್ನು ಕೈಗೆ ತೆಗೆದುಕೊಂಡರೆ ಕಣ್ಣಿನ ಜಾಗದಲ್ಲಿ ಸಾಸಿವೆ ಕಾಳು ಕೂರುವಷ್ಟು ಗುಳಿ ಕಾಣುತ್ತದೆ. ಕರಿ ಬಣ್ಣ ಬೆರೆಸಿದ ಬೇಸನ್ನು ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ ಆ ಗುಳಿಗೆ ಬಿಡಬೇಕು. ತುಸು ಹೆಚ್ಚಾದರೆ ಕಾಡಿಗೆ ಹರಡಿದ ಹಾಗೆ ಕೆನ್ನೆಗೆ ಇಳಿಯುತ್ತದೆ. ತಣ್ಣಗಾಗಲು ಬಿಟ್ಟು, ಅಂಚು ಕೆರೆದು, ಸ್ಪಿರಿಟ್ಟನ್ನು ಒಂದು ಸಲ ತುಂತುರಿಸಬೇಕು. ಆ ತುಂತುರು ಬೀಳದಿದ್ದರೆ ಮೇಲೆ ಹೊಯ್ದ ಬೂದು ಸಾಬೂನು ಕಣ್ಣನ್ನು ಹಿಡಿದುಕೊಳ್ಳುವುದಿಲ್ಲ. ಬಿಡಿಸುವಾಗ ಆನೆ ಒಂದು ಕಡೆ, ಕಣ್ಣು ಒಂದು ಕಡೆ. ಮೈಯ ಸಾಬೂನು ತೀರ ಬಿಸಿಯಿದ್ದರೆ ಹೆಪ್ಪುಗಟ್ಟಿದ ಕಣ್ಣು ಮತ್ತೆ ಕರಗಿ ಹೋಗುತ್ತದೆ. ತೀರ ಆರಿದ್ದರೆ ಸೊಂಡಿಲಿನ ತುದಿಯವರೆಗೆ ಇಳಿಯುವುದೇ ಇಲ್ಲ. ಪಾತ್ರೆಯ ಹೊರಮೈಗೆ ಕೈ ಹಚ್ಚಿ ಈ ಎರಡರ ನಡುವಿನ ಗಳಿಗೆಯನ್ನು ಹಿಡಿಯುತ್ತೇನೆ. ಆಮೇಲೆ ಮೂರು ನಾಲ್ಕು ತಾಸು ಕಾದು, ಅಚ್ಚಿನ ಅಂಚನ್ನು ಹೊರಕ್ಕೆ ಎಳೆದು ಗಾಳಿ ಬಿಟ್ಟು, ಬೆನ್ನಿನ ಕಡೆಯಿಂದ ಒತ್ತಿದರೆ ಆನೆ ಅಂಗೈಗೆ ಬರುತ್ತದೆ. ಆ ಹೊತ್ತಿನ ಆನಂದದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅದು ನಿಜವಾದದ್ದು, ಮತ್ತೆ ಪೂರ್ತಿ ನನ್ನದು.

ಅನುಮಾನ ಶುರುವಾಗುವುದು ಅದು ಇನ್ನೊಬ್ಬರ ಕೈಗೆ ಹೋದಾಗ.

ಈ ಕಡೆ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಅರಿಷಿಣ ಕುಂಕುಮ. ಬಂದ ಮುತ್ತೈದೆಯರಿಗೆ ಎಳ್ಳು ಬೆಲ್ಲದ ಜೊತೆ ಏನಾದರೊಂದು ಸಣ್ಣ ವಸ್ತು ಕೊಡಬೇಕು. ಮರಾಠಿಯವರು ಅದಕ್ಕೆ ವಾಣ ಅನ್ನುತ್ತಾರೆ. ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕೊಟ್ಟು ಬೇಸತ್ತವರು ನನ್ನ ಸಾಬೂನು ಕೇಳತೊಡಗಿದರು, ನಾನು ದುಡ್ಡು ತೆಗೆದುಕೊಂಡು ಮಾಡಿಕೊಡತೊಡಗಿದೆ. ನನ್ನ ಕೈಯ ದುಡ್ಡು ಎಂಬ ಹೆಮ್ಮೆ ಇತ್ತು. ಆಮೇಲೆ ಕಾನೂನು ಗೊತ್ತಾಯಿತು. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಲ್ಲಿ ಮೊದಲು ಸಾಬೂನನ್ನು ಪ್ರಸಾಧನವೆಂದು ಎಣಿಸಿರಲಿಲ್ಲ. 1982ರ ತಿದ್ದುಪಡಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಈಗಿನ 2020ರ ನಿಯಮಗಳ ಪ್ರಕಾರ ಮಾರಾಟಕ್ಕೆಂದು ಮೈಸಾಬೂನು ಮಾಡುವವರಿಗೆ ಪರವಾನಗಿ ಬೇಕು. ಅಡುಗೆಮನೆಯ ಕಟ್ಟೆಗೆ ಅದು ಸಿಗುವಂಥದ್ದಲ್ಲ. ಹೀಗಾಗಿ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಮಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದುಡ್ಡು ಇದ್ದಾಗ ಒಂದು ಅನುಕೂಲ ಇತ್ತು: ಯಾಕೆ ಮಾಡುತ್ತೀ ಎಂದು ಮನಸ್ಸು ಕೇಳಿದರೆ ದುಡ್ಡಿಗೆ ಎಂದು ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಅದು ಹೋದ ಮೇಲೆ ಉಳಿದದ್ದು ಬರಿದಾಗಿ ಕಂಡಿತು. ಪೊಟ್ಟಣ ಬಿಚ್ಚಿದವರ ಮುಖವನ್ನೇ ನಾನು ನೋಡುತ್ತ ನಿಲ್ಲುತ್ತಿದ್ದೆ. ‘ಅಯ್ಯ, ಎಷ್ಟು ಚೆಂದ! ಇದನ್ನ ಹೆಂಗ ಬಳಸೂದ್ರೀ ವೈನಿ!’ ಈ ಮಾತು ಬರುವ ತನಕ ನನಗೆ ಸಮಾಧಾನವಿಲ್ಲ. ಬಂದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ. ಬಳಸಲಾರದಷ್ಟು ಚೆಂದ ಎಂದರೆ ನನ್ನ ಹೆಸರು ಅವರ ಕಪಾಟಿನಲ್ಲಿ ಉಳಿಯಿತು ಎಂದು ಅರ್ಥ. ನನಗೆ ಬೇಕಾಗಿದ್ದದ್ದು ಅದು. ಅವರ ಮೈ ಕೊಳೆ ಹೋಯಿತೋ, ಮಗುವಿನ ಕೈ ಶುದ್ಧವಾಯಿತೋ, ವಾಸನೆ ಹಿತವಾಗಿತ್ತೋ ಎಂದು ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಒಳ್ಳೆಯದನ್ನು ಎತ್ತಿಡುವುದು ನಾನು ಒಬ್ಬಳೇ ಕಲಿತ ಚಾಳಿಯಲ್ಲ. ನಮ್ಮ ಅತ್ತೆಯ ಟ್ರಂಕಿನಲ್ಲಿ ಇಳಕಲ್ಲ ಸೀರೆಗಳ ಮಡಿಕೆಯ ನಡುವೆ ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಗಳಿರುತ್ತಿದ್ದವು. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಹೋಗಬೇಕಾದ ಗಂಧದ ಮರ ಮೈಸೂರು ಸಂಸ್ಥಾನದಲ್ಲೇ ಉಳಿದು, 1916ರಲ್ಲಿ ಅಲ್ಲೇ ಗಂಧದೆಣ್ಣೆ ತೆಗೆಯಲು ಶುರುವಾಗಿ, 1918ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಹೊರಬಂದ ಸಾಬೂನು ಅದು. ಅದಕ್ಕೆ ರೂಪ ಕೊಟ್ಟ ಎಸ್. ಜಿ. ಶಾಸ್ತ್ರಿಗಳು ಲಾಂಛನವಾಗಿ ಆರಿಸಿದ್ದು ಶರಭವನ್ನು: ಸಿಂಹದ ಮೈ, ಆನೆಯ ತಲೆ. ಪೆಟ್ಟಿಗೆಯನ್ನು ಒಡವೆಯ ಪೆಟ್ಟಿಗೆಯ ಹಾಗೆ ಮಾಡಿಸಿದರು. ಅತ್ತೆ ಅದನ್ನು ಒಡವೆಯ ಹಾಗೆಯೇ ನೋಡಿಕೊಂಡರು. ಮದುವೆ ಮುಂಜಿಗೆಂದು ಎತ್ತಿಟ್ಟದ್ದು. ಮದುವೆ ಮುಂಜಿ ಬಂದಾಗ ಇನ್ನೂ ದೊಡ್ಡ ಕಾರ್ಯಕ್ಕೆಂದು ಮತ್ತೆ ಎತ್ತಿಟ್ಟದ್ದು. ಮಾವನವರು ಬೆಳಿಗ್ಗೆಯ ಲೋಕಲ್ಲಿಗೆ ಹೋಗಿ ರಾತ್ರಿ ಬರುತ್ತಿದ್ದ, ಒಂದೇ ಕೋಣೆಯಲ್ಲಿ ಆರು ಜನ ಮಲಗುತ್ತಿದ್ದ ಸಂಸಾರ ಅದು. ಎತ್ತಿಟ್ಟ ಸಾಬೂನೊಂದು ಟ್ರಂಕಿನಲ್ಲಿದೆ ಎಂಬ ಅರಿವೇ ಅತ್ತೆಗೆ ಒಂದು ಆಸರೆಯಾಗಿದ್ದಿರಬೇಕು. ಆ ಎತ್ತಿಡುವಿಕೆಯನ್ನು ನಾನು ಗೌರವಿಸುತ್ತೇನೆ. ನನ್ನದು ಮಾತ್ರ ಬೇರೆ. ನನಗೆ ಕೊರತೆ ಇರಲಿಲ್ಲ, ಮೆಚ್ಚುಗೆಯ ಆಸೆ ಇತ್ತು.

ಇದಕ್ಕೆ ತೀರ ವಿರುದ್ಧವಾದದ್ದನ್ನೂ ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಹಾವೇರಿ ಕಡೆಯ ನಮ್ಮ ಊರಿನಲ್ಲಿ ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಅಜ್ಜಿ ಕಟ್ಟಿಗೆಯ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಹಾಕುತ್ತಿದ್ದಳು, ನೆನೆಯದ ಅಚ್ಚಿಗೆ ಸಕ್ಕರೆ ಅಂಟಿಕೊಂಡುಬಿಡುತ್ತದೆ. ಎರಡು ಹೋಳು ಕೂಡಿಸಿ ದಾರ ಬಿಗಿದು ನಿಲ್ಲಿಸುವುದು. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬೆಳ್ಳಗೆ ಮಬ್ಬಾಗುವ ತನಕ ತಿರುವಿ, ಸರಕ್ಕನೆ ಹೊಯ್ಯುವುದು. ಹೊಯ್ದ ಸ್ವಲ್ಪ ಹೊತ್ತಿಗೇ ದಾರ ಬಿಚ್ಚಿದರೆ ಆನೆ, ಒಂಟೆ, ಕುದುರೆ, ಬಸವಣ್ಣ, ತೇರು. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ತಟ್ಟೆ ತುಂಬ ಬರುತ್ತಿದ್ದವು. ನಾವು ಹುಡುಗಿಯರು ಹೊಸ ಲಂಗ ಉಟ್ಟು ಗೌರಿಗೆ ಆರತಿ ಎತ್ತಿ ಬಂದವರೇ ಕುದುರೆಯ ತಲೆ ಕಡಿದು ತಿನ್ನುತ್ತಿದ್ದೆವು. ಅಜ್ಜಿ ನೋಡಿ ನಗುತ್ತಿದ್ದಳು. ಚೆಂದಾಗಿದೆಯೇ ಎಂದು ಅವಳು ಕೇಳಿದ ನೆನಪಿಲ್ಲ. ‘ಸಿಹಿ ಹೆಂಗದನ?’ ಎಂದು ಕೇಳುತ್ತಿದ್ದಳು. ಅಚ್ಚಿನ ಕೆಲಸದ ಪ್ರೀತಿ ನನಗೆ ಅವಳಿಂದ ಬಂದದ್ದು. ಕೊಟ್ಟು ಮರೆಯುವ ಅವಳ ಸ್ವಭಾವ ಬರಲಿಲ್ಲ.

ಎತ್ತಿಟ್ಟರೆ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳ ಥಾಣೆ ಜಿಲ್ಲೆಯಲ್ಲಿ ಬಟ್ಟೆಯೇ ಒಣಗದಿರುವಾಗ ಸಾಬೂನು ಸುಮ್ಮನಿರುತ್ತದೆಯೇ? ಬಿಡಿಸಿದ ಕೂಡಲೇ ತೆಳು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತದಿದ್ದರೆ ಮೈತುಂಬ ಹನಿ ಕಟ್ಟುತ್ತದೆ. ಸುತ್ತಿದರೂ ವರ್ಷ ಎರಡು ವರ್ಷಕ್ಕೆ ವಾಸನೆ ಹಾರಿ, ಬಣ್ಣ ಮಾಸಿ, ಕಿವಿಗಳ ಅಂಚು ಕುಗ್ಗುತ್ತದೆ. ನಾದಿನಿಯ ಕಪಾಟಿನಲ್ಲಿ ನನ್ನ ಮೊಲವನ್ನು ನೋಡಿದೆ. ಹಳದಿಗಟ್ಟಿ, ಮೂಗಿನ ಮೇಲೆ ಧೂಳು ಅಂಟಿ, ಯಾರ ಉಪಯೋಗಕ್ಕೂ ಬರದೆ ಮುದಿಯಾಗಿತ್ತು. ಅವಳು ಪ್ರೀತಿಯಿಂದಲೇ ಇಟ್ಟುಕೊಂಡಿದ್ದಳು. ನನಗೆ ಮಾತ್ರ ಅದರ ಮುಂದೆ ನಿಲ್ಲಲು ಆಗಲಿಲ್ಲ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಕೆಳಗಿನ ಮಹಡಿಯ ಹುಡುಗಿ. ಧಾರವಾಡದ ಕಡೆಯವರ ಮಗು, ನನ್ನನ್ನು ಅಜ್ಜಿ ಎಂದು ಕರೆಯುತ್ತದೆ. ಹಸಿರು ಆಮೆಯೊಂದನ್ನು ಕೊಟ್ಟಿದ್ದೆ. ಹೆಚ್ಚು ದಿನ ಆಗಿರಲಿಲ್ಲ, ಬಾಗಿಲಿಗೆ ಬಂದು ನಿಂತಳು.

‘ಅಜ್ಜಿ, ಆಮಿ ಮುಗೀತು. ಇನ್ನೊಂದ ಕೊಡ್ರಿ.’

‘ಇಷ್ಟ ಲಗೂನ ಮುಗಿಸಿದೇನ?’ ಎಂದೆ. ದನಿಯಲ್ಲಿ ಬೇಸರವಿತ್ತು, ನನಗೇ ಕೇಳಿಸಿತು.

‘ದಿನಾ ಜಳಕಾ ಮಾಡ್ತೇನಲ್ರೀ’ ಎಂದಳು. ಆಮೇಲೆ ಕೈಯಲ್ಲಿ ಅಳತೆ ತೋರಿಸುತ್ತ ವಿವರಿಸಿದಳು: ‘ಮದ್ಲ ದೊಡ್ಡ ಆಮಿ ಇತ್ತು. ಆಮ್ಯಾಲೆ ಸಣ್ಣ ಆಮಿ ಆತು. ಆಮ್ಯಾಲೆ ಮರಿ ಆತು. ನಿನ್ನೆ ಹೋತು.’

ನನ್ನ ಸಾಬೂನನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಕಪಾಟಿನ ಮುಂದೆ ನಿಂತು ಚೆಂದ ಎಂದವರು ಒಂದೇ ಆಮೆಯನ್ನು ಕಂಡಿದ್ದರು. ಇವಳು ಮೂರನ್ನು ಕಂಡಿದ್ದಳು, ದಿನವೂ ಕೈಯಲ್ಲಿ ಹಿಡಿದಿದ್ದಳು. ಅಂಥ ಮಗುವಿಗೆ ನಾನು ಲೆಕ್ಕ ಕೇಳಿದ್ದೆ. ಇನ್ನೊಂದು ಆಮೆ ಕೊಟ್ಟು ಕಳಿಸಿ, ಎಷ್ಟೋ ಹೊತ್ತು ಆ ‘ಇಷ್ಟ ಲಗೂನ’ ಎಂಬ ನನ್ನ ದನಿಯನ್ನೇ ಕೇಳಿಕೊಳ್ಳುತ್ತ ಕೂತೆ. ಮುಗಿಸಿದ್ದಕ್ಕೆ ಬೇಸರವಾಗಿದ್ದರೆ ನಾನು ಕೊಟ್ಟದ್ದು ಅವಳಿಗೋ, ನನಗೋ?

ಆವತ್ತಿನಿಂದ ನನ್ನಿಂದ ಸಾಬೂನು ಪಡೆದವರನ್ನು ವಿಚಾರಿಸತೊಡಗಿದೆ, ಬಳಸಿದವರು ಸಿಕ್ಕರೆ ಸವೆದದ್ದನ್ನು ತೋರಿಸಿ ಎಂದು ಕೇಳಿದೆ. ಆನೆಗೆ ಸೊಂಡಿಲು ಮೊದಲು ಹೋಗುತ್ತದೆ, ಆಮೇಲೆ ಅದು ಆನೆಯೇ ಅಲ್ಲ. ಮೊಲದ ಕಿವಿ ಒಂದೆರಡು ಸ್ನಾನಕ್ಕೇ ಮುರಿದು ಬಚ್ಚಲ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಮೀನು ಕೈಗೆ ಒಗ್ಗುತ್ತದೆ. ಆಮೆ ಕೊನೆಯವರೆಗೂ ಆಮೆಯಾಗಿಯೇ ಸಣ್ಣದಾಗುತ್ತದೆ. ಇಷ್ಟು ಕಾಲ ಅಚ್ಚು ಆರಿಸುವಾಗ ಇದಾವುದನ್ನೂ ನಾನು ಯೋಚಿಸಿರಲಿಲ್ಲ. ಈಗ ಚಾಚಿದ ಅಂಗಗಳಿಲ್ಲದ, ಉಬ್ಬು ಕಡಿಮೆಯಿರುವ ಅಚ್ಚುಗಳನ್ನೇ ಹುಡುಕುತ್ತೇನೆ.

ಫ್ಲೆಮಿಂಗೊ ವಿಷಯ ಇನ್ನೂ ತೊಡಕಿನದು. ನವಿ ಮುಂಬಯಿಯವರಿಗೆ ಅದರ ಮೇಲೆ ಬಹಳ ಪ್ರೀತಿ. ಚಳಿಗಾಲ ಬಂತೆಂದರೆ ಥಾಣೆ ಖಾಡಿಯ, ಅಂದರೆ ಒಳಚಾಚಿದ ಕಡಲ ನೀರಿನ, ಕೆಸರಿನ ಮೇಲೆ ಸಾವಿರಾರು ಹಕ್ಕಿಗಳು ಇಳಿಯುತ್ತವೆ. 2015ರಲ್ಲಿ ಅದನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿದರು, 2022ರಲ್ಲಿ ಅದು ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಗಳ ಗೆಳತಿಯರು ಗುಲಾಬಿ ಫ್ಲೆಮಿಂಗೊ ಸಾಬೂನು ಕೇಳಿದರು, ಮಿನುಗು ಹಾಕಿ ಎಂದೂ ಕೇಳಿದರು. ಮಿನುಗು ಅಂದರೆ ಲೋಹದ ಲೇಪ ಹಚ್ಚಿದ ಪ್ಲಾಸ್ಟಿಕ್ ಹಾಳೆಯ ಚೂರು. ಬಿಡಿ ಪ್ಲಾಸ್ಟಿಕ್ ಮಿನುಗಿನ ಮಾರಾಟವನ್ನು ಯುರೋಪಿನ ಒಕ್ಕೂಟ 2023ರ ಅಕ್ಟೋಬರಿನಿಂದ ನಿರ್ಬಂಧಿಸಿದೆ. ಮಗಳೊಂದಿಗೆ ಹೋಗಿ ಆ ಹಕ್ಕಿಗಳನ್ನು ನೋಡಿದ್ದೇನೆ: ತಲೆ ಕೆಳಗೆ ಮಾಡಿ, ಕೊಕ್ಕನ್ನು ನೀರಿನಲ್ಲಿ ಆಡಿಸಿ, ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿ ತಿನ್ನುತ್ತವೆ. ಆ ಪಾಚಿಯಿಂದಲೇ ಅವಕ್ಕೆ ಗುಲಾಬಿ ಬಣ್ಣ. ನಮ್ಮ ಬಚ್ಚಲುಗಳ ನೀರು ಸೇರುವುದು ಖಾಡಿಯನ್ನೇ. ಕಪಾಟಿನಲ್ಲಿ ಕೂರುವ ಸಾಬೂನಾದರೆ ಮಿನುಗಿದ್ದರೇನು ಎಂದು ಮೊದಲು ಅಂದುಕೊಂಡಿದ್ದೆ. ಬಳಸಲೆಂದು ಮಾಡುವುದಾದರೆ ಒಳಗೆ ಹಾಕಿದ ಪ್ರತಿ ಚೂರಿಗೂ ನಾನು ಹೊಣೆ. ಮಿನುಗಿನ ಡಬ್ಬಿಯನ್ನು ಮತ್ತೆ ತೆರೆಯಲಿಲ್ಲ. ಮಣ್ಣಿನಲ್ಲಿ ಸಿಗುವ ಅಭ್ರಕದ ಪುಡಿಯಿಂದ ಸಿಗುವಷ್ಟು ಹೊಳಪು ಸಾಕು.

ಕಷ್ಟ ಎದುರಾದದ್ದು ಮಗಳ ಮನೆಯಲ್ಲಿ. ಕಪಾಟಿನಲ್ಲಿರುವ ಸಾಬೂನನ್ನು ತೆಗೆದು ಬಳಸು ಎಂದೆ. ‘ಅವ್ವಾ, ಅದನ್ನ ಬಳಸೂದಾ? ನೀ ಮಾಡಿದ್ದಲ್ಲಾ ಅದು!’ ಎಂದು ಅವಳು ಕಪಾಟಿನ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಅವಳು ಅದರಲ್ಲಿ ನನ್ನನ್ನೇ ಎತ್ತಿಟ್ಟುಕೊಂಡಿದ್ದಾಳೆ. ಮೆಚ್ಚುಗೆಗಾಗಿ ಮಾಡಿದೆ ಎಂದು ನಾನು ನನ್ನನ್ನು ಎಷ್ಟೇ ಪರೀಕ್ಷಿಸಿಕೊಂಡರೂ, ಅವಳ ಮಟ್ಟಿಗೆ ಅದು ತಾಯಿಯ ಕೈಗೆಲಸ. ನಾನು ಎದುರು ಮಾತಾಡಲಿಲ್ಲ. ಮುಂದಿನ ಸಲ ಹೋಗುವಾಗ ಒಂದೇ ಅಚ್ಚಿನ ಎರಡು ಆಮೆ ಒಯ್ದೆ. ಒಂದನ್ನು ಅವಳ ಕೈಗೆ ಕೊಟ್ಟು, ‘ಇದು ನಿನ್ನ ಕಪಾಟಿಗೆ’ ಎಂದೆ. ಇನ್ನೊಂದರ ಪ್ಲಾಸ್ಟಿಕ್ ಬಿಚ್ಚಿ ಬೇಸಿನ್ನಿನ ಪಕ್ಕ ಇಟ್ಟೆ, ನಾನೇ ಮೊದಲು ಕೈ ತೊಳೆದುಕೊಂಡೆ, ಒರೆಸಿಕೊಂಡು ಬಂದು ಊಟಕ್ಕೆ ಕೂತೆ.